ಆರು ಗಂಟೆಯ ವರದಿ

ಮೂರು ಸಾವಿರ ಮೀಟರಿನಾಚೆ ಒಂದು ಹವಾಮಾನ ಠಾಣೆ.
ತಗಡಿನ ಸೂರು, ಕಲ್ಲಿದ್ದಲ ಒಲೆ,
ಅಂಗಳದ ಬಿಳಿ ಪೆಟ್ಟಿಗೆಯೊಳಗೆ
ಒಂದು ಒಣ ಥರ್ಮಾಮೀಟರು, ಇನ್ನೊಂದು
ಒದ್ದೆ ಬಟ್ಟೆ ಸುತ್ತಿಕೊಂಡು ಜ್ವರದ ಮಗುವಿನಂತೆ.
ಇಪ್ಪತ್ತಾರು ವರ್ಷದಿಂದ ಜಿಪಾರ್
ಮೂರು ಗಂಟೆಗೊಮ್ಮೆ ಇವುಗಳ ನಾಡಿ ಹಿಡಿಯುತ್ತಾಳೆ.

ಬೆಳಗಿನಿಂದ ಮಳೆ.
ಅಕ್ಟೋಬರಿನ ಕೊನೆಯ ಮಳೆ, ತೆಳ್ಳಗೆ, ಹಟಮಾರಿ,
ಸಾಲ ಕೇಳಬಂದು ಹೊಸ್ತಿಲಲ್ಲೇ ನಿಂತವರ ಹಾಗೆ.
ತಗಡಿನ ಮೇಲೆಲ್ಲ ಅದರದ್ದೇ ಮಾತು.
ಮಧ್ಯಾಹ್ನಕ್ಕೆ ನಾಲ್ಕು ಡಿಗ್ರಿ. ಮೂರು ಗಂಟೆಗೆ ಎರಡೂವರೆ.
ಮಾತು ಒಂಚೂರು ತೊದಲಿತು.

ಐದೂ ಕಾಲಿಗೆ ಹೊರಬಂದು ತೋಳು ಚಾಚಿದಳು.
ಕಪ್ಪು ಉಣ್ಣೆಯ ಮೇಲೆ ಬಿದ್ದದ್ದು
ಹನಿಯೆನ್ನಲು ಒಳಗೆ ಮೂಳೆಯಿದೆ,
ಹಿಮವೆನ್ನಲು ಮೈಯಿಲ್ಲ.
ನೋಡನೋಡುತ್ತ ನೀರು.
ಎಡಬಿಡಂಗಿ.
ಅಡ್ಡಗೋಡೆಯ ಮೇಲೆ ದೀಪವಿಟ್ಟ ಆಕಾಶ.
ಇದಕ್ಕೂ ಪುಸ್ತಕದಲ್ಲಿ ಒಂದು ಅಂಕಿಯಿದೆ:
ಅರವತ್ತೊಂದು ಮಳೆ, ಎಪ್ಪತ್ತೊಂದು ಹಿಮ,
ಎರಡೂ ಆದದ್ದು ಅರವತ್ತೆಂಟು.

ಎಪ್ಪತ್ತೊಂದೆಂದು ಬರೆದರೆ
ಕಣಿವೆಯಾಚೆ ಅಬ್ದಿಶ್ ಗೇಟು ಇಳಿಸುತ್ತಾನೆ,
ಮತ್ತೆ ಎತ್ತುವುದು ಏಪ್ರಿಲಿನಲ್ಲಿ.
ಫೋನು ಕರಕರ ಎಂದಿತು:
'ಎಜೆ, ಎಶೀಮ್‌ನ ಲಾರಿ ಇನ್ನೂ ಬಂದಿಲ್ಲ.
ಮುನ್ನೂರು ಕುರಿ. ಆಚೆ ಒಂದೆಳೆ ಹುಲ್ಲಿಲ್ಲ.
ನಿಮ್ಮಲ್ಲಿ ಏನು ಬೀಳ್ತಾ ಇದೆ?'
'ನೋಡ್ತಾ ಇದ್ದೀನಿ' ಅಂದಳು.

ಎಂಟನೆಯ ತಿರುವಿನಲ್ಲಿ ಒಂದು ಕಬ್ಬಿಣದ ಗೂಟ,
ಅದರ ಮೇಲೆ ಒಂದು ಡ್ರೈವರನ ಟೋಪಿ.
ಪ್ರತಿ ಬೇಸಿಗೆ ಯಾರೋ ಹೊಸದು ಇಡುತ್ತಾರೆ.
ಯಾರೆಂದು ಜಿಪಾರ್‌ಗೆ ಗೊತ್ತು.
ಆ ರಾತ್ರಿ ತಾನು ಬರೆದ ಅಂಕಿಯೂ ಗೊತ್ತು.

ಐದು ಐವತ್ತಕ್ಕೆ ತಗಡು ಸುಮ್ಮನಾಯಿತು.

ಮಳೆ ನಿಂತರೆ ಸೂರು ಇನ್ನೊಂದಿಷ್ಟು ಹೊತ್ತು ತೊಟ್ಟಿಕ್ಕುತ್ತದೆ.
ಇದು ಆ ಮೌನವಲ್ಲ.
ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದವರು
ಬಾಗಿಲಲ್ಲಿ ನೆರಳು ಕಂಡೊಡನೆ
ತುಟಿಕಚ್ಚಿದ ಮೌನ.
ಅವಳು ಕಿಟಕಿಯತ್ತ ತಿರುಗಲಿಲ್ಲ.
ಪೆನ್ಸಿಲು ತೆಗೆದುಕೊಂಡಳು.
ಮೊನೆ ಚೂಪಾಗಿಯೇ ಇತ್ತು, ಮತ್ತೂ ಕೆತ್ತಿದಳು.
ಮುರಿಯಿತು. ಮತ್ತೆ ಕೆತ್ತಿದಳು.
ಒಲೆಯ ಮೇಲೆ ಉಪ್ಪಿನ ಚಹಾ ಉಕ್ಕಿ ಬತ್ತಿತು.

'ಬಂದರು, ಎಜೆ!
ಲಾರಿ ದಾಟಿತು, ಬುರುಲ್ ಮುಂದಿನ ಸೀಟಲ್ಲಿದ್ದಾಳೆ,
ಮಡಿಲಲ್ಲಿ ಕೋಳಿ. ಕುರಿ ಹಿಂದೆ. ಎಣಿಸ್ತಾ ಇದ್ದೀನಿ.'
ರಿಸೀವರಿನಲ್ಲಿ ಗೊರಸಿನ ಸದ್ದು ಸುರಿಯತೊಡಗಿತು
ತಗಡು ಮರೆತ ಮಳೆ, ತಂತಿಯಲ್ಲಿ.

ಆರು ಗಂಟೆ.
ಅರವತ್ತೆಂಟು ಎಂದು ಬರೆದಳು.
ಹತ್ತು ನಿಮಿಷದ ಹಿಂದಿನ ನಿಜ.
ಆರೂ ಒಂಬತ್ತಕ್ಕೆ ಇನ್ನೊಂದು ವರದಿ ಕಳಿಸಿದಳು: ಎಪ್ಪತ್ತೊಂದು.
ಆಚೆ ಗೇಟು ಇಳಿಯಿತು.

ಇನ್ನು ಎಂಟನೆಯ ತಿರುವು.
ಚಹಾಕ್ಕೆ ನೀರು ಹಾಕಿ ಮತ್ತೆ ಕಾಯಿಸಿದಳು, ಕುಡಿಯಲಿಲ್ಲ.
ಮುಕ್ಕಾಲು ಗಂಟೆಗೆ ಎರಡು ಹಳದಿ ಕಣ್ಣು
ಬಿಳುಪನ್ನು ತಳ್ಳಿಕೊಂಡು ಮೇಲೆ ಬಂದವು.
ಹಿಂದೆ, ಇನ್ನೂ ಎಷ್ಟೋ ಹೊತ್ತಿನ ಮೇಲೆ, ಕುರಿಗಳು.
ಕಂದು ಕುರಿಗಳು, ಒಂದೂ ಕಂದಾಗಿರಲಿಲ್ಲ.
ಎಶೀಮ್ ಕುದುರೆಯ ಮೇಲಿಂದ ಚಾವಟಿ ಎತ್ತಿ ತೋರಿಸಿದ
ನಮಸ್ಕಾರವೋ, ಗದರಿಕೆಯೋ.
ಯಾರೂ ನಿಲ್ಲಲಿಲ್ಲ. ನಿಲ್ಲುವ ಜಾಗವೂ ಅಲ್ಲ.

ಒಂಬತ್ತಕ್ಕೆ ಲಾಂದ್ರ ಹಿಡಿದು ಹೋದಳು.
ಒದ್ದೆ ಬಟ್ಟೆ ಹೆಪ್ಪುಗಟ್ಟಿ ಸೆಟೆದಿತ್ತು.
ಅಳತೆಕೋಲು ನೆಟ್ಟಳು:
ನಾಲ್ಕು ಸೆಂಟಿಮೀಟರು.
ಪಕ್ಕದಲ್ಲೇ ರಸ್ತೆ,
ಮುನ್ನೂರು ಕುರಿ ತುಳಿದು ಹೋದದ್ದು,
ಯಾರೂ ನಡೆದೇ ಇಲ್ಲವೆಂಬಂತೆ.