ಡಬ್ಬಿ ಹಿಂದಿನ ಸಣ್ಣ ಅಕ್ಷರ

ಅರ್ಧ ಶಟರ್ ಎಳದಿದ್ದೆ.
ಲಕ್ಷ್ಮೇಶ್ವರದ ಕಡೀ ಗಾಡಿ ಇಳದು, ಡಿಪೋದಾಗ ಕ್ಯಾಶ್ ಕಟ್ಟಿ
ಬಗ್ಗಿ ಒಳಗ ಬಂದಳು ದ್ಯಾಮಕ್ಕ.
ಖಾಕಿ ಅಂಗಿಯ ಬಗಲಾಗ ಪೇಪರ್ ಸುತ್ತಿದ ಡಬ್ಬಿ.
ಕೆಮ್ಮಿನ ಔಷಧದ ಗಿರಾಕಿ ಹೋಗೂಮಟಾ
ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಓದಿದಳು.

"ಇದರಾಗ ಏನೇನು ಹಾಕ್ಯಾರ, ನೋಡಿ ಹೇಳ್ರಿ.
ಒಂಬೈನೂರಾ ನಲವತ್ತು ಕೊಟ್ಟೇನಿ.
ಮನಿಯಾಗ ಇನ್ನೂರು ಅಂದೇನಿ."

ಮುಂದ ಒಂದು ತೊಡಿ.
ತಲಿ ಇಲ್ಲ, ಪಾದ ಇಲ್ಲ,
ಮೊಣಕಾಲಿಗೆ ಮುಗದ್ಹೋದ ಹೆಂಗಸು.
ಹಿಂದ ಇರಿವಿ ಸಾಲು.
ಬಾಟಲಿ ತಾರೀಖು ನೋಡೂ ಭೂತಗನ್ನಡಿ ತಗದೆ.

ಮೊದಲನೇದ್ದು ಆಕ್ವಾ.
"ಅಂದ್ರ?"
ನೀರು.
"ಬರೇ ನೀರು?"
ಮುಕ್ಕಾಲು ಡಬ್ಬಿ ಬರೇ ನೀರು.
ಆಕಿ ನಕ್ಕ ನಗಿಗೆ ಕಪಾಟಿನ ಗಾಜು ಝಲ್ ಅಂತು.
"ನಮ್ಮ ಓಣ್ಯಾಗ ನಳ ಬಂದು ಹನ್ನೊಂದು ದಿನ ಆತು,
ಇಲ್ಲೆ ಬಂದು ಕುಂತೈತೇನ್ರಿ!"

ಎರಡನೇದ್ದು ಗ್ಲಿಸರಿನ್. ಅಗೋ, ಕೆಳಗಿನ ಸಾಲಿನಾಗ,
ತುಟಿ ಒಡದವರಿಗೆ ಸಣ್ಣ ಬಾಟಲಿ ಕೊಡತೇನಿ.
ಆಮ್ಯಾಲ ಒಂದು ಎಣ್ಣಿ, ಒಂದು ಮೇಣ,
ನೀರಿಗೂ ಎಣ್ಣಿಗೂ ಲಗ್ನ ಮಾಡಸೂ ನಡುವಿನಾಂವ.
ಐದನೇದ್ದು ಕೆಫೀನ್.
ಚಾದಾಗ ಇರತೈತಲ್ಲ, ಅದ.
"ಡ್ರೈವರ್ ಜೋಡಿ ದಿನಾ ಎಂಟು ಕಪ್ ಕುಡೀತೇನಿ.
ತೊಡಿಗೆ ಸುದ್ದಿ ಮುಟ್ಟಿಲ್ಲಲ್ರಿ?"
ಮ್ಯಾಲೆ ಹಚ್ಚಿದ್ರ ತೊಗಲು ಒಂದೀಟು ಬಿಗೀತೈತಿ, ನಾಕೈದು ತಾಸು.
"ಆಮ್ಯಾಲ?"
ಆಮ್ಯಾಲ ನೀವು, ನಿಮ್ಮ ತೊಡಿ.

ಇಲ್ಲೆ ಬಟ್ಟಿಟ್ಟು ನಿಂತೆ. ಫೀನಾಕ್ಸಿ ಎಥನಾಲ್.
ಕೆಡದಂಗ ಇಡೂದು. ನೂರಕ್ಕ ಒಂದರ ಮ್ಯಾಲ ಹಾಕಂಗಿಲ್ಲ.
ಅಂದ್ರ ಇದರ ಹಿಂದ ನಿಂತಾವೆಲ್ಲ ಚಿಟಿಕಿ ಲೆಕ್ಕ.
ಯಾರ್ಯಾರು ನಿಂತಾರ ನೋಡ್ರಿ:
ಸಮುದ್ರದ ಪಾಚಿ, ಐವಿ ಬಳ್ಳಿ, ಯಾವುದೋ ದೇಶದ ಕಾಯಿ.
ಡಬ್ಬಿ ಮುಂದ ಹಸರು ಹಸರು ಚಿತ್ರ ತಗದಾರಲ್ಲ, ಇವ.
ಫ್ಲೆಕ್ಸಿನಾಗ ಆಳೆತ್ತರ ಫೋಟೋ,
ಊಟಕ್ಕ ಕಡೀ ಪಂಕ್ತಿ, ಹೋಳಗಿ ತೀರಿದಮ್ಯಾಲ.

ಎಲ್ಲಾರಕಿಂತ ಹಿಂದ ಸೆಂಟೆಲ್ಲಾ ಏಷಿಯಾಟಿಕಾ.
ಈ ಸಲ ನಾನ ನಕ್ಕೆ. ಒಂದೆಲಗ, ದ್ಯಾಮಕ್ಕ, ಒಂದೆಲಗ!
"ಬಾವಿ ದಂಡಿಮ್ಯಾಗ ಹಬ್ಬತಿತ್ತು.
ಓದಿದ್ದು ನೆನಪಿರಲಿ ಅಂತ ಅವ್ವ ಚಟ್ನಿ ಅರೀತಿದ್ಲು.
ಹತ್ತನೇತ್ತೆ ಎರಡ ಸಲ ಕುಂತೇನಿ ನಾನು.
ತೊಡಿಗ್ಯಾಕ್ರಿ ನೆನಪು?"

ಅಂದಾಕಿ ಸುಮ್ಮಕಾದಳು.
ಹದಿನಾರು ವರ್ಷ ನಿಂತ ಟಿಕೀಟು ಹರದಾಕಿ,
ಸಂತಿ ದಿನ ತಿರುವಿನಾಗ ಗಾಡಿ ವಾಲಿದ್ರ
ಸೀಟಿನ ಅಂಚಿಗೆ ಇದ ತೊಡಿ ಒತ್ತಿ ಚಿಲ್ಲರಿ ಎಣಸಾಕಿ.
ಮೊನ್ನೆ ಡಿಪೋದ ಹೆಣ್ಮಕ್ಕಳ ಖೋಲ್ಯಾಗ
ಹೊಸದಾಗಿ ಸೇರಿದ ಹುಡುಗಿ ಅಂದಿತ್ತಂತ:
ಅಕ್ಕಾ, ಕಿತ್ತಳಿ ಸಿಪ್ಪಿ ಆಗೈತಿ ನಿಮಗ.
"ಅಲ್ಲಿಮಟಾ ಅದಕ್ಕ ಹೆಸರ ಇದ್ದಿದ್ದಿಲ್ರಿ."

ಕೌದಿ ಗೊತ್ತಲ್ಲ, ಅಂದೆ.
ಹೊಲಿಗಿ ಜಗ್ಗಿದಲ್ಲೆ ತಗ್ಗು, ನಡುವ ಉಬ್ಬು.
ಒಳಗ ಹಂಗ ದಾರ ಅದಾವ, ಬಹಳ ಹೆಂಗಸರಿಗೆ.
ಮ್ಯಾಲೆ ಸವರಿದ್ದು ದಾರದ ಮಟಾ ಇಳಿಯಂಗಿಲ್ಲ.

"ಹಂಗಾರ ಹಿಮ್ಮಡಿಗೆ ಹಚ್ಚಲೇನು?"
ಹಿಮ್ಮಡಿಗೆ ಪಾಡ.
ಸೀಲ್ ಆಗಲೇ ಒಡದಿತ್ತು.
ಬೆರಳ ತುದೀಲೆ ತಗದು ತನ್ನ ಅಂಗೈಗಿಟ್ಟು ನನ್ನ ಅಂಗೈಗೂ ಇಟ್ಟಳು.
ಕಿತ್ತಳಿ ವಾಸನಿ. ಅದೂ ಪಟ್ಟಿಯೊಳಗಿತ್ತು.
ಹೇಳೂದು ಬಿಟ್ಟಿದ್ದೆ.

ಇನ್ನೊಂದೂ ಹೇಳಲಿಲ್ಲ:
ಬಿಲ್ ಬುಕ್ಕಿನ ಕೆಳಗ, ಗಲ್ಲೆಯ ಖಣದಾಗ
ಇದ ಡಬ್ಬಿ ಇತ್ತು, ಅರ್ಧ ತೀರಿದ್ದು.
ಸಣ್ಣ ಅಕ್ಷರ ಪೂರಾ ಓದೇ ಕೊಂಡಿದ್ದೆ.

"ಐದೂವರಿಗೆ ಡ್ಯೂಟಿ" ಅಂದು ಬಗ್ಗಿ ಹೊರಗ ನಡದಳು.
ಶಟರ್ ಎಳದೆ. ಕೈ ಜಾರಿತು.