ಟಿಕೀಟಿನ ಬೆನ್ನಿಗೆ

ಗದಗಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಗದಗಿಗೆ
ಹದಿನೇಳು ವರ್ಷ, ಚಿಲ್ರಿ ಇಲ್ಲಂದ್ರ
ಟಿಕೀಟಿನ ಬೆನ್ನಿಗೆ ಬರದು ಕೊಟ್ಟೀನಿ:
ಮೂರು ರೂಪಾಯಿ, ಏಳು ರೂಪಾಯಿ,
ಕೆಳಗೊಂದು ಗೀಟು, ನನ್ನ ಸಣ್ಣ ಸಹಿ.
ಇಳಿಯೂಮುಂದ ಇಸಗೊಳ್ರಿ, ಮರೀಬ್ಯಾಡ್ರಿ.
ಮರತವರು ಬಾಳ ಮಂದಿ.

ಚೀಲದ ಬಾರು ಬಲಭುಜದಿಂದ ಇಳದು
ಎಡಮೊಲಿ ಮ್ಯಾಲ ಹಾದು ಹೋಗತಿತ್ತು.
ಅಣ್ಣಿಗೇರಿ ದಾಟಿದ ಮ್ಯಾಲ ಒಂದಿನ, ಬಾರು ಸರಸೂಮುಂದ
ಬೆರಳಿಗೆ ಕಡ್ಲಿಕಾಳಿನಂಥದು ಸಿಕ್ತು.
ನೋವಿಲ್ಲ, ಸದ್ದಿಲ್ಲ. ಯಾವ ಸ್ಟಾಪಿನ್ಯಾಗ ಹತ್ತಿತ್ತೋ,
ಟಿಕೀಟು ತಗೀದ ಕುಂತಿತ್ತು.

"ಅಷ್ಟೂ ತಗಿಸಿಬಿಡು" ಅಂದ್ರು ನಮ್ಮತ್ತಿ,
"ಎರಡು ಮಕ್ಕಳು ಕುಡದು ಬಿಟ್ಟಾವು. ಇನ್ನ ಅದರದೇನು ಕೆಲಸ?"
ಮಾತಿನ್ಯಾಗ ತಪ್ಪಿರಲಿಲ್ಲ.
ಆದ್ರೂ ಆ ರಾತ್ರಿ ಖಾಕಿ ಅಂಗಿ ಇಸ್ತ್ರಿ ಮಾಡೂಮುಂದ
ಎಡಗಿಸೆ, ಅದರ ಮ್ಯಾಲಿನ ಪಟ್ಟಿ,
ದಾಕ್ಷಾಯಣಿ ಶಿ. ಹರ್ಲಾಪುರ, ನಿರ್ವಾಹಕಿ,
ಇದನ್ನ ನಾಳೆ ಯಾವುದರ ಮ್ಯಾಲ ನಿಂದರಿಸಲಿ ಅಂತ ನೋಡಕೋತ
ಪೆಟ್ಟಿಗಿ ಎತ್ತೂದು ಮರತೆ.
ಕಂದು ಗುರುತು ಬಿತ್ತು. ಈಗೂ ಐತಿ.

ಡಾಕ್ಟರಬಾಯಿ ನಾಲ್ಕಾಣೆ ಲೆಕ್ಕ ಹೇಳಿದ್ರು.
"ಗಂಟಿನ ಸುತ್ತ ನಾಲ್ಕಾಣೆ ಭಾಗ ತಗೀತೀನಿ, ಉಳದದ್ದು ಉಳೀತೈತಿ.
ಆದ್ರ ನಿಮ್ಮದು ಮೊದಲ ಸಣ್ಣದು, ತಗ್ಗು ಬೀಳತೈತಿ.
ಬೆನ್ನಾಗಿನ ಸ್ನಾಯು ಒಂದೀಟು, ಬುಡ ಕಡೀದ,
ಕಂಕುಳ ಕೆಳಗಿಂದ ಮುಂದಕ್ಕ ತಿರುಗಿಸಿ ತುಂಬತೀನಿ."
ಆಪರೇಶನ್ ದಿನ ನಸಿಕಿನ್ಯಾಗ ನನ್ನ ನಿಂದರಿಸಿ
ಬೆನ್ನ ಮ್ಯಾಲ ನೇರಳಿ ಪೆನ್ನಿಲೆ ಗೆರಿ ಬರದ್ರು.
ತಣ್ಣಗ. ಎಲಿ ಆಕಾರದ್ದು ಇರಬೇಕು.
ನನಗ ಕಾಣಲಿಲ್ಲ, ಆದ್ರ ತಿಳೀತು:
ಮುಂದ ಕೊಡಬೇಕಾದದ್ದನ್ನ ಹಿಂದ ಬರಿಯಾಕತ್ತಾರ.

ಹನ್ನೆರಡು ದಿನ ಬಗಲಿಗೆ ನಳಿಗಿ, ನಳಿಗಿಗೆ ಬಾಟ್ಲಿ.
ಆಮ್ಯಾಲ ಕರೆಂಟು, ಐದು ವಾರ, ಶನಿವಾರ ಐತವಾರ ಸೂಟಿ.
ನನ್ನ ಬಸ್ಸಿನ್ಯಾಗ ನಾನ ಕುಂತು ಹೋದೆ.
ಬದಲಿ ಬಂದ ಹುಡುಗ ನನಗೂ ಸೊನ್ನಿ ಟಿಕೀಟು ಹರದು ಕೊಟ್ಟ,
ಹೆಣ್ಣಮಕ್ಕಳಿಗೆ ಕೊಟ್ಟಂಗ.
ಡ್ರೈವರ್ ಮಕ್ತುಂಸಾಬ, ಜೀವಮಾನದಾಗ ತಗ್ಗು ತಪ್ಪಿಸದಾಂವ,
ನಲವಡಿ ತನಕ ಹಾಲಿನ ಕೊಡ ಹೊತ್ತವರಂಗ ಹೊಡದ.

ಈಗ ಕೇಳ್ರಿ, ನಗೂ ಮಾತು.
ಮುಂದ ಮುಟ್ಟಿದ್ರ ನನಗ ಬೆನ್ನಾಗ ಮುಟ್ಟಿದಂಗ ಅಕ್ಕೈತಿ.
ಮೊದಲ ಸಲ ಹೊಳ್ಳಿ ನೋಡಿದೆ.
ಗ್ವಾಡಿ ಇತ್ತು, ಕ್ಯಾಲೆಂಡರ್ ಇತ್ತು.
"ಯಾರನ್ನ ನೋಡತಿ?" ಅಂದ್ರು ಮನಿಯವರು.
ಏನಂತ ಹೇಳೂದು.
ತೊಗಲು ತನ್ನ ಊರು ಇನ್ನ ಮರತಿಲ್ಲ.

ಎಡಗೈಲೆ ಮ್ಯಾಲಿನ ರಾಡು ಹಿಡದು ನಿಂತಾಗ
ಗಕ್ಕನ ಬ್ರೇಕು ಬಿದ್ರ, ತೋಳು ಜಗ್ಗಿದ್ರ,
ಅಂಗಿ ಒಳಗ ಅದು ಒಮ್ಮೆ ಮಿಡೀತೈತಿ,
ನಿದ್ದ್ಯಾಗಿನ ಕೂಸು ಕಾಲು ಒದ್ದಂಗ.
ಹೆಸರಿನ ಪಟ್ಟಿ ಅಲಗಾಡತೈತಿ.
ಚಂದ ಐತಿ ಅಂತ ಅಲ್ಲ.
ಬಲಗಡಿಯದಕ್ಕಿಂತ ಗಟ್ಟಿ, ಒಂದು ಬೆರಳು ಮ್ಯಾಲ,
ಕರೆಂಟಿನ ಕಪ್ಪು ಪೂರಾ ಹೋಗಿಲ್ಲ.
ತುಂಬಿದ ಕೊಡ ಎತ್ತಿದ್ರ ಬೆನ್ನು ತನ್ನ ಬಾಕಿ ಕೇಳತೈತಿ.
ಕೊಡ ಕೆಳಗಿಡತೀನಿ. ಅರ್ಧ ಚೆಲ್ಲತೀನಿ.

ಮೊನ್ನೆ ಶಿರಗುಪ್ಪಿಯೊಳಗ ಒಬ್ಬಾಕಿ ಹತ್ತಿದ್ಲು,
ಹಳದಿ ಫೈಲು ಎದಿಗೆ ಅವಚಿಗೊಂಡು.
ಆ ಫೈಲು ನನಗ ಗೊತ್ತು,
ಅದರ ಮೂಲಿ ಎಲ್ಲಿ ಮೊದಲ ಮಡಚತೈತಿ ಅನ್ನೂದೂ ಗೊತ್ತು.
"ಎಲ್ಲಿಗೆ" ಅಂತ ಕೇಳಲಿಲ್ಲ.
ಸೊನ್ನಿ ಟಿಕೀಟು ಹರದೆ, ಹೊಳ್ಳಿಸಿದೆ,
ಬೆನ್ನಿಗೆ ನನ್ನ ಫೋನ್ ನಂಬರು ಬರದೆ,
ಕೆಳಗೊಂದು ಗೀಟು, ಸಣ್ಣ ಸಹಿ.

ಆಕಿ ಹಿಂದ ಮುಂದ ನೋಡಿದ್ಲು, ಗಾಬರಿಯಾದ್ಲು:
"ಏನ್ ಬಾಕಿರೀ ಅಕ್ಕಾರ?
ನಾ ರೊಕ್ಕನ ಕೊಟ್ಟಿಲ್ಲಲ್ರೀ."