ಮೂರು ಗೆರೆಯ ಜಾಗ

ಅರ್ಜಿಯ ಒಂಬತ್ತನೇ ಕಲಂ: ಕ್ರೀಡಾ ಹಿನ್ನೆಲೆ.
ಕೊಟ್ಟಿರುವುದು ಮೂರು ಗೆರೆ.
ಹೊನ್ನೇಶ ಎದುರಿಗೆ ಕೂತಿದ್ದಾನೆ ಎಡಗಾಲು ಚಾಚಿ,
ಮಂಡಿ ಮಡಚಿದರೆ ಒಳಗೇನೋ ಲಟಕ್ಕೆನ್ನುತ್ತದಂತೆ.
'ನಿನ್ನ ಅಕ್ಷರ ದುಂಡಗೈತೆ, ನೀನೇ ಬರಿಯಣ್ಣ,
ಲೆಕ್ಕ ಇಟ್ಟೋನೂ ನೀನೇ ಅಲ್ವಾ.'

ಹೌದು. ಮೂರು ವರ್ಷ ಅಂಕಣದ ಪಕ್ಕ ಮೇಜು ಹಾಕಿಕೊಂಡು
ಅವನ ಒಂದೊಂದು ರೈಡನ್ನೂ ಬರೆದವನು ನಾನು.
ಮುಟ್ಟಿದರೆ ಗೀಟು, ಬೋನಸ್ಸಿಗೊಂದು ಸುತ್ತು,
ಔಟಾದರೆ ಅಡ್ಡಗೆರೆ.
ಹಾಸನದ ಗಾಳಿಗೆ ಹಾಳೆ ಹಾರದಿರಲೆಂದು ಮೇಲೊಂದು ಆಲೂಗೆಡ್ಡೆ.
ಅದನ್ನು ಜೇಬಿನಿಂದ ತೆಗೆದಿಡುತ್ತಿದ್ದವನೂ ಅವನೇ.

ದುದ್ದದ ಹುಡುಗ. ತಾಯಿ ಎಪಿಎಂಸಿಯಲ್ಲಿ ಗೆಡ್ಡೆ ಆರಿಸುವವಳು,
ಕೊಳೆತದ್ದು ಇತ್ತ, ಗಟ್ಟಿ ಅತ್ತ,
ಮಾತಾಡುತ್ತಲೇ ಬೆರಳಲ್ಲಿ ಕಂಡುಹಿಡಿಯುವವಳು.
ಜಲಂಧರಿನ ಬಿತ್ತನೆ ಲಾರಿಗಳು ಸಾಲುಗಟ್ಟುವ ಮೇ ತಿಂಗಳಲ್ಲಿ
ಹೈಸ್ಕೂಲಿನ ರಜೆಗೆ ಇವನೂ ಬೆನ್ನು ಕೊಟ್ಟ.
ಲಾರಿಯಿಂದ ಕಟ್ಟೆಗೊಂದು ಹಲಗೆ,
ಒಂದೂವರೆ ಅಡಿ ಅಗಲ, ನಡುವೆ ತೂಗುವ ಹಲಗೆ.
ಬೆನ್ನ ಮೇಲೆ ಐವತ್ತು ಕಿಲೋ,
ಎದುರಿಗೆ ಬರಿಗೈಯಲ್ಲಿ ಮರಳುವ ಇನ್ನೊಬ್ಬ ಹಮಾಲಿ.
ಭುಜ ಒಂದಿಷ್ಟು ಓರೆ, ಸೊಂಟ ಅದರ ಹಿಂದೆ,
ಕೊನೆಗೆ ಹಿಮ್ಮಡಿ.
ಮೂಟೆಗೆ ಗೊತ್ತಾಗದ ಹಾಗೆ ತಿರುಗಬೇಕು.

ಪಿ.ಡಿ. ಬೆಳ್ಳಿಯಪ್ಪನವರು ಅವನನ್ನು ಕಂಡದ್ದು
ಜಿಲ್ಲಾ ಕೂಟದ ಇನ್ನೂರು ಮೀಟರಿನಲ್ಲಿ,
ಬರಿಗಾಲಲ್ಲಿ, ನಾಲ್ಕನೆಯವನಾಗಿ.
ಗೆದ್ದ ಮೂವರ ಹೆಸರು ಅವರು ಕೇಳಲೇ ಇಲ್ಲ.
'ತಿರುವಿನಲ್ಲಿ ಆ ತಲೆ ನೋಡಿದೆಯಾ?
ಬಿಂದಿಗೆ ಇಟ್ಟರೂ ತುಳುಕದು.'

ಮೊದಲ ವರ್ಷ ಬೆಂಚು. ನನ್ನ ಹಾಳೆಯಲ್ಲಿ ಹೆಸರೇ ಇಲ್ಲ.
ಎರಡನೇ ವರ್ಷ ಹನ್ನೊಂದು ಪಂದ್ಯ, ತೊಂಬತ್ತನಾಲ್ಕು ಅಂಕ,
ಎಲ್ಲ ಮಣ್ಣಿನ ಮೇಲೆ.
ಅರಸೀಕೆರೆಯವರು ಸರಪಳಿ ಕಟ್ಟಿ ಕಾದ ಆ ಸಂಜೆ
ಇವನು ಸಂತೆಯಲ್ಲಿ ಬೆಲೆ ಕೇಳುವವನ ಹಾಗೆ
ಕಬಡ್ಡಿ ಕಬಡ್ಡಿ ಎಂದು ಮೆಲ್ಲಗೆ ಹೊಕ್ಕು,
ಮೂಲೆಯವನ ಮೊಣಕೈ ತಟ್ಟಿ,
ಸರಪಳಿ ಮುಚ್ಚುವ ಹೊತ್ತಿಗೆ
ಉಳಿದಿದ್ದ ಒಂದೂವರೆ ಅಡಿಯಲ್ಲಿ
ಭುಜ, ಸೊಂಟ, ಹಿಮ್ಮಡಿ,
ಹೊರಗೆ. ಪೆನ್ನು ಎತ್ತುವುದೇ ಮರೆತೆ ನಾನು.
ಆ ಅಂಕವನ್ನು ಎದುರಾಳಿ ಮ್ಯಾನೇಜರೇ ನೆನಪಿಸಿ ಬರೆಸಿದರು.

ಮೂರನೇ ವರ್ಷ ಮ್ಯಾಟು ಬಂತು. ಹಳದಿ, ಮೆತ್ತಗೆ,
ಹೊಸ ಟಯರಿನ ವಾಸನೆ. ಬೂಟು ಕಡ್ಡಾಯ.
ಮಣ್ಣು ಕಾಲನ್ನು ಜಾರಲು ಬಿಡುತ್ತಿತ್ತು,
ಇದು ಕಚ್ಚಿ ಹಿಡಿಯಿತು.
ಸೆಮಿಫೈನಲ್ಲಿನ ಮೂವತ್ತೊಂದನೇ ನಿಮಿಷ
ಭುಜ ತಿರುಗಿತು, ಸೊಂಟ ತಿರುಗಿತು,
ಪಾದ ಅಲ್ಲೇ ಉಳಿಯಿತು.
ಯಾರೂ ಹಿಡಿದಿರಲಿಲ್ಲ ಅವನನ್ನು.
ಮೇಜಿನ ತನಕ ಕೇಳಿಸಿದ್ದು ಮಂಡಿಯ ಸದ್ದು,
ಅರ್ಧಕ್ಕೆ ನಿಂತ 'ಕಬ'.
ಉಸಿರು ಕಡಿದರೆ ಔಟ್.
ಅಡ್ಡಗೆರೆ ಎಳೆದೆ. ಮತ್ತೇನು ಮಾಡಲಿ.

'ಏನ್ ಬರದೆ?' ಅಂದ. ಓದಿದೆ:
ಒಟ್ಟು ಅಂಕ ನೂರ ನಲವತ್ತೊಂದು.
ಯೂನಿವರ್ಸಿಟಿ ತಂಡಕ್ಕೆ ಆಯ್ಕೆ; ಗಾಯದಿಂದಾಗಿ ಆಡಿಲ್ಲ.
ಒಂದು ಗೆರೆ ಇನ್ನೂ ಖಾಲಿ.
'ಹಲಗೆ ಬರಿ.'
'ಅದಕ್ಕೆ ಸರ್ಟಿಫಿಕೇಟು ಎಲ್ಲಿದೆ ಮಾರಾಯ?'
'ಅವ್ವ ಕೊಡ್ತಳೆ, ಹೆಬ್ಬೆಟ್ಟು ನಡೆದ್ರೆ.'

ಕೆಲಸ ವ್ಯಾಯಾಮ ಸಹಾಯಕನದು, ತಾತ್ಕಾಲಿಕ.
ಸಹಿ ಹಾಕಿ, ಮೇಜು ಹಿಡಿದು ಎದ್ದ.
ಬಾಗಿಲಿಗೂ ಬೀರುವಿಗೂ ನಡುವಿನ ಇಕ್ಕಟ್ಟಿನಲ್ಲಿ
ಗಿರಿಜಮ್ಮ ಐದು ಲೋಟ ಟೀ ಹಿಡಿದು ಒಳಗೆ ಬರುತ್ತಿದ್ದಳು.
ಭುಜ. ಸೊಂಟ.
ಆಮೇಲೆ, ತುಸು ತಡವಾಗಿ, ಆ ಹಿಮ್ಮಡಿ.
ಗಿರಿಜಮ್ಮ ತಲೆ ಎತ್ತಿಯೂ ನೋಡಲಿಲ್ಲ.

ನನ್ನ ಲೋಟ ಅರ್ಜಿಯ ಮೇಲೇ ಇಟ್ಟು ಹೋದಳು,
ತೊಳೆದ ಒದ್ದೆ ಇನ್ನೂ ತಳದಲ್ಲಿತ್ತು.
ಎತ್ತಿದರೆ ಮೂರನೇ ಗೆರೆಯ ಮೇಲೆ
ಒಂದು ಸುತ್ತು.